ಕೈಗುಣ

ಸೋಮವಾರ ಬೆಳಿಗ್ಗೆ ರಾಯಚೂರಿನ ಠಾಣೆಗೆ ಬಂದ ಬಸಲಿಂಗಮ್ಮ, ಕಣ್ಣೀರು ಒರೆಸಿಕೊಳ್ಳುವ ಮೊದಲೇ ಓರಗಿತ್ತಿಯ ಹೆಸರು ಹೇಳಿದಳು. ಮಾನ್ವಿಯ ಅಕ್ಕಿ ಗಿರಣಿ ಮನೆತನದ ಅತ್ತೆ ಮಹಾಂತಮ್ಮ ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ನಸುಕಿಗೆ ತೀರಿಕೊಂಡಿದ್ದರು. ಕೊಂದವಳು ಕಿರಿಯ ಸೊಸೆ, ಕವಿತಾಳದ ನರ್ಸ್ ಶೈಲಜಾ ಎಂಬುದು ದೂರು. ಪಿಎಸ್‌ಐ ಸಂಘಮಿತ್ರಾ ಎಫ್‌ಐಆರ್ ದಾಖಲಿಸಿದಳು. ದೂರಿನಲ್ಲಿ ಸತ್ತವರ ಸುದ್ದಿ ಎರಡು ಸಾಲು, ಉಳಿದದ್ದೆಲ್ಲ ಶೈಲಜಾಳದೇ. ಹೆಣದ ಮುಂದೆಯೂ ಇದೆಂಥ ಹೊಟ್ಟೆಕಿಚ್ಚು ಎಂದು ಸಂಘಮಿತ್ರಾಗೆ ರೇಗಿತು.

ಅಂದೇ ಆಸ್ಪತ್ರೆಯಲ್ಲಿ ಪಂಚನಾಮೆ ಮಾಡುವಾಗ ಮಂಚದ ಪಕ್ಕದ ಕಪಾಟಿನ ಹಿಂದೆ ಹರಿದ ಔಷಧದ ಪೊಟ್ಟಣವೊಂದು ಸಿಕ್ಕಿತು. ಶವಪರೀಕ್ಷೆಯಲ್ಲಿ ವಿಷವಿರಲಿಲ್ಲ. ಆದರೆ ಸಾಯುವ ಮೊದಲು ತೆಗೆದ ರಕ್ತದಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದಿತ್ತು. ಚಿಕಿತ್ಸೆ ನೀಡಿದ್ದ ಡಾ. ಜೋಯಾ ಬಿಡಿಸಿ ಹೇಳಿದರು: ಪೊಟ್ಟಣದಲ್ಲಿದ್ದ, ಭೇದಿಗೆ ಕೊಡುವ ಈ ಪ್ರೋಬಯೋಟಿಕ್ ಪುಡಿಯಲ್ಲಿರುವುದು ಅದೇ ಜೀವಂತ ಯೀಸ್ಟ್. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿದ, ಮಹಾಂತಮ್ಮನಂಥ ನಿತ್ರಾಣ ರೋಗಿಗೆ ಅಪಾಯ. ಪೊಟ್ಟಣ ಹರಿದ ಕೈ ನಳಿಕೆಗೆ ತಾಗಿದರೂ ಸಾಕು, ರಕ್ತ ಸೇರಬಹುದು. ಆಸ್ಪತ್ರೆ ಅದನ್ನು ಕೊಟ್ಟಿರಲಿಲ್ಲ, ಕೊಡಬೇಡಿ ಎಂದು ಇಬ್ಬರು ಸೊಸೆಯರಿಗೂ ಅವರೇ ಹೇಳಿದ್ದರು.

ಕಾನ್ಸ್‌ಟೇಬಲ್ ಜಿಲಾನಿ ಪಾಷಾ ಪೊಟ್ಟಣದ ಬ್ಯಾಚ್ ನಂಬರ್ ಹಿಡಿದು ರಾಯಚೂರು, ಮಾನ್ವಿಯ ಮೆಡಿಕಲ್ ಅಂಗಡಿಗಳನ್ನು ಸುತ್ತಿ, ಬಿಸಿಲಿಗೆ ಬೈಯುತ್ತಲೇ ದೇವದುರ್ಗ ಮುಟ್ಟಿದ. ಅಲ್ಲಿನ ಅಂಗಡಿಯ ಪ್ರಭುರಾಜ ಇಬ್ಬರು ಸೊಸೆಯರ ಫೋಟೊ ನೋಡಿದವನೇ, ನಮ್ಮೂರ ಮಗಳು ಬಸಲಿಂಗಮ್ಮ, ತಮ್ಮನ ಕೂಸಿಗೆ ಅಂತ ಒಯ್ದಳು ಎಂದ.

"ಡಾಕ್ಟರ್ ಬ್ಯಾಡ ಅಂದಿದ್ರು. ಯಾಕ ಕೊಟ್ರಿ?" ಬಸಲಿಂಗಮ್ಮನನ್ನು ಠಾಣೆಗೆ ಕರೆಸಿ ಸಂಘಮಿತ್ರಾ ಕೇಳಿದಳು.

"ತಮ್ಮನ ಕೂಸಿಗೆ ಅದ್ರಿಂದನ ಆರಾಮಾಗಿತ್ರೀ. ಅತ್ತೀ ಭೇದಿನೂ ನನ್ನ ಕೈಲೆ ನಿಲ್ಲಲಿ ಅಂತ ಕೊಟ್ಟೆ. ಇಷ್ಟು ವರ್ಷ ಮಾಡಿ ಹಾಕೀನಿ, ಒಂದಿನಾನೂ ನಿನ್ನ ಕೈಗುಣ ಚೊಲೋ ಅದ ಅನ್ಲಿಲ್ಲ."

"ನಿಂತಿತೇನು?"

"ನಿಂತಿತ್ರೀ. ಅತ್ತಿ ಕಣ್ಣು ತೆರದು, ಶೈಲಜಾನ ಕೈಗುಣ ಅಂದ್ಲು."

"ಮತ್ತ ಆಕೀ ಮ್ಯಾಲೆ ದೂರು ಯಾಕ?"

"ಬದುಕಿಸಿದ್ದು ಆಕೀ ಕೈ ಅಂದ್ರ, ಸಾಯಿಸಿದ್ದೂ ಆಕೀ ಕೈನ ಆಗ್ಲಿ ಅಂತ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಮತ್ತು ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಬಂಧನವಾಯಿತು. ಮನೆಯವರಿಗೆ ತಿಳಿಸಲೆಂದು ಸಂಘಮಿತ್ರಾ ಹೊರಗೆ ಬಂದಾಗ ಬೆಂಚಿನ ಮೇಲೆ ಶೈಲಜಾ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಳು.

"ನನ್ನ ಮುಂದ ಅತ್ತಿ ದಿನಾ ಅಕ್ಕನ್ನ ಹೊಗಳತಿದ್ರು ಮೇಡಮ್. ಬಸಲಿಂಗಿ ಕೈತುತ್ತು ಇಲ್ದಿದ್ರ ನಾ ಎಂದೋ ಹೋಗ್ತಿದ್ದೆ ಅಂತ. ನನಗ ಹೊಟ್ಟಿ ಉರೀತಿತ್ತು. ಅದಕ್ಕ ಅಕ್ಕಗ ಒಂದಿನಾನೂ ಹೇಳಲಿಲ್ಲ."

ಜೀಪು ಹೊರಡುವ ಮೊದಲು ಸಂಘಮಿತ್ರಾ ಆ ಮಾತನ್ನು ಬಸಲಿಂಗಮ್ಮನಿಗೆ ಮುಟ್ಟಿಸಿದಳು. ಖರೇನಾ ಎಂದು ಬಸಲಿಂಗಮ್ಮ ಎರಡು ಸಲ ಕೇಳಿದಳು.