ಗೋಡೆಯ ಮೇಲೆ ಮೂರು ‘ರ’

“ದೂರ ಸರೀರಿ! ಇನ್ನೂ ದೂರ! ಇದೇನ್ ಹೋಳಿ ಪಿಚಕಾರಿ ಅಲ್ಲ!”

ಸುಭಾಸ ಕಾಕಾ ಗಂಟಲು ಹರಿಯುವಂತೆ ಕೂಗಿದ. ಮಷಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆದರೆ ಅವನ ಕೈಯ ಉದ್ದನೆಯ ಗನ್ನಿನಿಂದ ನೀರು ಚಿಮ್ಮಿ ಶಾಲೆಯ ಗೋಡೆಗೆ ಬಡಿದದ್ದೇ ತಡ, ಮಕ್ಕಳೆಲ್ಲ ತಾವಾಗಿಯೇ ನಾಲ್ಕು ಹೆಜ್ಜೆ ಹಿಂದಕ್ಕೆ ಜಿಗಿದರು. ಗೋಡೆಯಿಂದ ಕರಿ ನೀರು ಧಾರಾಕಾರ ಇಳಿಯಿತು. ಅದರ ಹಿಂದಿನಿಂದ ತಿಳಿ ಹಳದಿ ಬಣ್ಣ ಹೊರಗೆ ಬಂತು.

“ಏ, ನಮ್ಮ ಸಾಲಿ ಹಳದಿ ಐತ್ಯೋ!” ಎಂದು ಭೀಮಶ್ಯಾ ಕುಣಿದ. “ನಾ ಒಂದನೇತ್ತಾದಾಗಿಂದ ಕರೇದ ಅಂತ ತಿಳಕೊಂಡಿದ್ದೆ!”

ಅವನ ತಪ್ಪೇನೂ ಇಲ್ಲ. ಶಾಲೆ ಇದ್ದದ್ದು ಝಳಕಿಯ ಹತ್ತಿರ, ಹೈವೇಗೆ ಅಂಟಿಕೊಂಡೇ. ಸೊಲ್ಲಾಪುರಕ್ಕೆ ಹೋಗುವ ಲಾರಿ, ಸೊಲ್ಲಾಪುರದಿಂದ ಬರುವ ಲಾರಿ, ಎಲ್ಲವೂ ತಮ್ಮ ಹೊಗೆಯನ್ನೂ ಧೂಳನ್ನೂ ಈ ಗೋಡೆಗೆ ಒಪ್ಪಿಸಿಯೇ ಮುಂದೆ ಹೋಗುತ್ತಿದ್ದವು.

ಸುಭಾಸ ಕಾಕಾ ಹೈವೇ ಪಕ್ಕ ಗಾಡಿ ತೊಳೆಯುವ ಅಂಗಡಿ ಇಟ್ಟವನು. ಈಗ ಗೋಡೆ ತೊಳೆಯುವ ಮಷಿನ್ ತರಿಸಿದ್ದ. ತಾನು ಕಲಿತ ಶಾಲೆಯ ಗೋಡೆಯನ್ನೇ ಮೊದಲು ತೊಳೆಯಬೇಕೆಂದು ಅದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಮಷಿನ್ನಿಗೆ ಎರಡು ಮೂತಿ. ಸಣ್ಣ ಮೂತಿ ಹಾಕಿದರೆ ನೀರು ಸೂಜಿಯ ಹಾಗೆ ಬರುತ್ತಿತ್ತು, ಅದು ಮೂಲೆ ಸಂದಿಗೆ. ದೊಡ್ಡ ಮೂತಿ ಊಟದ ತಾಟಿನಂತೆ ದುಂಡಗಿತ್ತು, ಅದು ಇಡೀ ಗೋಡೆಗೆ.

“ನಿಮ್ಮ ಕಾಕಾ ಅಂದ್ರ ಹೀರೋ ಬಿಡು” ಎಂದು ಎಲ್ಲರೂ ಸಾಕ್ಷಿಯ ಬೆನ್ನು ತಟ್ಟಿದರು. ಬೇರೆ ದಿನವಾಗಿದ್ದರೆ ಐದನೇ ತರಗತಿಯ ಸಾಕ್ಷಿಯನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಇಂದು ಅವಳ ಕಣ್ಣು ಅಡುಗೆ ಕೋಣೆಯ ಕಡೆಗೇ ಹೋಗುತ್ತಿತ್ತು. ಯಾಕೆಂದರೆ ಕಾಕಾ ಈಗಷ್ಟೇ ವೃಂದಾ ಮೇಡಂಗೆ ಹೇಳಿದ್ದ:

“ಚಾ ಕುಡದ ಬಂದು ಅಡಗಿ ಖೋಲಿ ಗ್ವಾಡಿ ಹಿಡೀತೇನ್ರಿ ಮೇಡಂ. ತೊಳಿಯೂಕಿಂತ ಮೊದಲ ಒಂದು ಫೋಟೋ, ತೊಳದ ಮ್ಯಾಲ ಒಂದು ಫೋಟೋ. ಎರಡೂ ಸ್ಟೇಟಸ್‌ಗೆ ಹಾಕ್ತೇನಿ. ಇಡೀ ಇಂಡಿ ತಾಲೂಕ ನೋಡ್ಲಿ!”

ಅಡುಗೆ ಕೋಣೆಯ ಗೋಡೆಯ ಮೇಲೆ ಒಂದು ಬರಹ ಇತ್ತು. ಅದನ್ನು ಬರೆದವಳು ಸಾಕ್ಷಿ.

ಎಂಟು ದಿನದ ಹಿಂದಿನ ಮಾತು. ಅಂದು ಶಾಲೆಯ ಊಟಕ್ಕೆ ಅಡುಗೆಯ ರಾಜಬಿ ಆಯಿ ಮಾಡಿದ ಸಾರು ಬಹಳ ತೆಳ್ಳಗಾಗಿತ್ತು. ಭೀಮಶ್ಯಾ ತಾಟಿನೊಳಗೆ ಬಗ್ಗಿ ನೋಡಿ, “ಇದರಾಗ ನನ್ನ ಮಾರಿ ಕಾಣಾಕತ್ತೈತಿ!” ಎಂದ. ಎಲ್ಲರೂ ನಕ್ಕರು. ಸಾಕ್ಷಿಗೆ ಸುಮ್ಮನಿರಲಾಗಲಿಲ್ಲ. “ನೀರಸಾರು ರಾಜಬಿ!” ಎಂದುಬಿಟ್ಟಳು. ಈಗ ಭೀಮಶ್ಯಾನಿಗಿಂತ ಜಾಸ್ತಿ ನಗು ಅವಳಿಗೆ ಸಿಕ್ಕಿತು. ನಗು ಒಮ್ಮೆ ಸಿಕ್ಕರೆ ಮತ್ತೊಮ್ಮೆ ಬೇಕೆನಿಸುತ್ತದೆ. ಊಟವಾದ ಮೇಲೆ ಭೀಮಶ್ಯಾ ಹಂಚಿನ ಚೂರೊಂದನ್ನು ತಂದು ಅವಳ ಕೈಗಿಟ್ಟ.

“ಬರಿ, ಬರಿ! ನಿನ್ನ ಅಕ್ಷರ ಚಂದ ಅದಾವ.”

ಅದೂ ಸುಳ್ಳಲ್ಲ. ಇಡೀ ಶಾಲೆಯಲ್ಲಿ ಸಾಕ್ಷಿಯಷ್ಟು ಚೆಂದ ಬರೆಯುವವರು ಯಾರೂ ಇರಲಿಲ್ಲ. ಅದರಲ್ಲೂ ಅವಳ ‘ರ’ ಅಂದರೆ ‘ರ’. ದುಂಡಗೆ ಬರೆದು, ಅದರ ಹೊಟ್ಟೆಯೊಳಗೆ ಜಿಲೇಬಿಯಂಥ ಒಂದು ಸುರುಳಿ ಸುತ್ತುತ್ತಿದ್ದಳು. ಕಾಕಾನ ಅಂಗಡಿಯ ಬೋರ್ಡನ್ನು ಬರೆದುಕೊಟ್ಟವಳೂ ಅವಳೇ. ಆ ‘ರ’ ಕಂಡರೆ ಸಾಕು, ಯಾರು ಬರೆದದ್ದೆಂದು ಅವನು ಥಟ್ಟನೆ ಹೇಳಿಯಾನು.

ಗೇಣುದ್ದದ ಏಳು ಅಕ್ಷರ. ಕರಿ ಗೋಡೆಯ ಮೇಲೆ ಮಂಕು ಕೆಂಪು. ಹತ್ತಿರ ಹೋದರಷ್ಟೇ ಕಾಣುತ್ತಿತ್ತು. ಆದರೆ ಕಾಕಾ ಫೋಟೋ ತೆಗೆಯಲು ಹತ್ತಿರವೇ ಹೋಗುತ್ತಾನಲ್ಲ!

ಕಾಕಾ ಗನ್ನಿಗೆ ಸಣ್ಣ ಮೂತಿ ಸಿಕ್ಕಿಸಿ, ಮಷಿನ್ ಚಾಲೂ ಇಟ್ಟೇ ಚಾ ಕುಡಿಯಲು ಹೋದ. “ಯಾರೂ ಮುಟ್ಟಬ್ಯಾಡ್ರಿ ಮತ್ತ!” ಎಂದು ಹೇಳಿಯೇ ಹೋದ. ಮಕ್ಕಳು ಅವನ ಹಿಂದೆ ಟಂಟಂ ನೋಡಲು ಓಡಿದರು.

ಸಾಕ್ಷಿ ಗನ್ ಎತ್ತಿಕೊಂಡಳು.

ಒತ್ತಿದೊಡನೆ ಅದು ಹಿಂದಕ್ಕೆ ಒದೆಯಿತು. ಹೊಟ್ಟೆಗೆ ಆನಿಸಿ ಗಟ್ಟಿಯಾಗಿ ಹಿಡಿದಳು. ಮೊದಲು ‘ನೀ’ ಮೇಲೆ ನೀರು ಹಾಯಿಸಿದಳು. ಕೆಂಪು ಹೋಯಿತು! ಕಾಪಿ ತಿದ್ದುವ ಹಾಗೆ ಒಂದೊಂದೇ ಅಕ್ಷರದ ಮೇಲೆ, ಒಂದೊಂದೇ ಗೆರೆಯ ಮೇಲೆ ಜೋಪಾನವಾಗಿ ನೀರು ಹಾಯಿಸುತ್ತ ಬಂದಳು. ಏಳನೆಯ ಅಕ್ಷರ ಮುಗಿದಾಗ ಗನ್ ಕೆಳಗಿಟ್ಟು, ಉಸಿರು ಬಿಟ್ಟು, ಹಿಂದೆ ಸರಿದು ನೋಡಿದಳು.

ಕೆಂಪು ಅಳಿಸಿತ್ತು. ಅದರ ಜೊತೆ ಅಷ್ಟಷ್ಟೇ ಜಾಗದ ಕಪ್ಪೂ ಅಳಿಸಿತ್ತು. ಮಸಿಯಂಥ ಗೋಡೆಯ ಮೇಲೆ ಏಳು ಹಳದಿ ಅಕ್ಷರ ಲಕಲಕ ಹೊಳೆಯುತ್ತಿದ್ದವು:

ನೀರಸಾರು ರಾಜಬಿ.

ಮೊದಲು ಹತ್ತಿರ ಹೋದವರಿಗಷ್ಟೇ ಕಾಣುತ್ತಿತ್ತು. ಈಗ ಸೊಲ್ಲಾಪುರದ ಲಾರಿ ಡ್ರೈವರನೂ ಗಾಡಿ ನಿಲ್ಲಿಸದೆ ಓದಬಹುದಿತ್ತು.

ಸಾಕ್ಷಿ ಕೈಗೆ ಸಿಕ್ಕ ಕೆಸರನ್ನು ಬಾಚಿ ಗೋಡೆಗೆ ಒಗೆದಳು. ಒದ್ದೆ ಗೋಡೆಯಿಂದ ಅದು ಜಾರಿ ಕೆಳಗೆ ಬಿತ್ತು. ಇನ್ನೊಂದು ಹಿಡಿ ಬಾಚುವಷ್ಟರಲ್ಲಿ ಅಡುಗೆ ಕೋಣೆಯ ಬಾಗಿಲಲ್ಲಿ ರಾಜಬಿ ಆಯಿ ಬಂದು ನಿಂತಿದ್ದಳು, ಕೈಯಲ್ಲಿ ಸೌಟು.

ರಾಜಬಿ ಆಯಿ ಶಾಲೆಯಲ್ಲಿ ಅಡುಗೆ ಮಾಡಿ ಬಡಿಸುವವಳು. ಅವಳಿಗೆ ಓದು ಬರುತ್ತಿರಲಿಲ್ಲ. ಹೋದ ವರ್ಷದವರೆಗೂ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. “ಆ ಶಾಯಿ ನಾಕ ದಿನ ತಿಕ್ಕಿದ್ರೂ ಹೋಗೂದಿಲ್ಲವ್ವಾ. ಬಡಸುವಾಗ ಹುಡುಗ್ರು ನೀಲಿ ಬೆರಳ ನೋಡ್ತಾವ, ನನಗ ನಾಚಿಕಿ ಬರತೈತಿ” ಎಂದು ಒಮ್ಮೆ ಸಾಕ್ಷಿಯ ಹತ್ತಿರ ಹೇಳಿಕೊಂಡಿದ್ದಳು. ಆಗ ಸಾಕ್ಷಿಯೇ ನೋಟ್‌ಬುಕ್ಕಿನ ಹಾಳೆಯಲ್ಲಿ ಅವಳ ಹೆಸರಿನ ಮೂರು ಅಕ್ಷರ ಬರೆದುಕೊಟ್ಟಿದ್ದಳು. ಆಯಿ ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಒದ್ದೆ ಬೆರಳಿನಿಂದ ಅದನ್ನೇ ತಿದ್ದಿ ತಿದ್ದಿ ಸಹಿ ಕಲಿತಿದ್ದಳು. ಲೋಕದಲ್ಲಿ ಅವಳಿಗೆ ಬರುವ ಅಕ್ಷರ ಆ ಮೂರೇ.

“ಅಯ್ಯ ನನ್ನವ್ವಾ!” ಆಯಿ ಕಣ್ಣರಳಿಸಿ ಗೋಡೆಯ ಹತ್ತಿರ ಬಂದಳು. “ನನ್ನ ಹೆಸರು! ರಾ... ಜ... ಬಿ! ಸಾಕ್ಷೀ, ಇದು ನೀನ ಬರದಿದ್ದು ಹೌದಿಲ್ಲೊ? ಹೊಟ್ಟ್ಯಾಗ ಜಿಲೇಬಿ ಇರೂ ರ ಐತಿ. ಇಲ್ಲೂ ಐತಿ ನೋಡು, ಇಲ್ಲೂ ಐತಿ. ನನ್ನ ರ ಮೂರ ಕಡಿ ಐತಿ!”

ಸಾಕ್ಷಿ ಹಿಡಿದಿದ್ದ ಕೆಸರನ್ನು ಕೆಳಗೆ ಬಿಟ್ಟಳು.

“ಅದರ ಮೊದಲಿಂದು ಏನೈತಿ? ಓದಿ ಹೇಳ ಬೇಟಿ.”

“ಚ... ಚಲೋ ಸಾರು ರಾಜಬಿ ಅಂತ ಐತ್ರಿ ಆಯಿ.”

ಬಾಯಿಂದ ಅದು ಹೇಗೆ ಬಂತೋ ಸಾಕ್ಷಿಗೇ ತಿಳಿಯಲಿಲ್ಲ. ಆಯಿ ಸೆರಗು ಬಾಯಿಗೆ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕಣ್ಣುಗಳೂ ಒದ್ದೆಯಾದವು.

“ಹನ್ನೆರಡ ವರ್ಷ ಆತವ್ವಾ ಸಾರ ಮಾಡಾಕತ್ತು. ಹಿಂಗ ಯಾರೂ ಬರದಿದ್ದಿಲ್ಲ.”

ಬೈದಿದ್ದರೆ ಸಾಕ್ಷಿ ತಡೆದುಕೊಳ್ಳುತ್ತಿದ್ದಳು. ಈ ನಗು ನೋಡಲಾಗದೆ ತನ್ನ ಕೆಸರು ಕೈಗಳನ್ನು ನೋಡಿಕೊಂಡಳು.

ಅಷ್ಟರಲ್ಲಿ ಸುಭಾಸ ಕಾಕಾ ಮೊಬೈಲ್ ಹಿಡಿದುಕೊಂಡು ಮೂಲೆ ತಿರುಗಿ ಬಂದ. “ಗನ್ ಯಾರ್ ಮುಟ್ಟಿದವ್ರು?” ಎಂದ.

“ಅದೆಲ್ಲ ಆಮ್ಯಾಲ ಕೇಳು ತಮ್ಮಾ” ಎಂದು ಆಯಿ ಅಡ್ಡ ಬಂದಳು. “ಉಳದ ಗ್ವಾಡಿ ತೊಳ್ಕೊ, ಈ ಅಕ್ಷರ ಮಾತ್ರ ಮುಟ್ಟಬ್ಯಾಡ. ಹಂಗ ಇರಲಿ. ಮೊದಲ ನಂದೊಂದು ಫೋಟೋ ಹೊಡಿ. ಸಿಂದಗಿಗೆ ನನ್ನ ಮಗಳು ಸುಲ್ತಾನಾಗ ಕಳಸು. ಆಕಿ ಓದತಾಳ.”

ಆಯಿ ಸೆರಗು ಸರಿ ಮಾಡಿಕೊಂಡಳು. ಸೌಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಅಕ್ಷರಗಳ ಪಕ್ಕದಲ್ಲಿ ನೆಟ್ಟಗೆ ನಿಂತಳು.

ಕಾಕಾ ಮೊಬೈಲ್ ಎತ್ತಿದವನು ಗೋಡೆ ಓದಿದ. ಅವನ ಮುಖದ ಮೇಲಿದ್ದ ನಗು ಹೋಯಿತು. ಮೊಬೈಲನ್ನು ನಿಧಾನ ಇಳಿಸಿ ಸಾಕ್ಷಿಯ ಕಡೆ ನೋಡಿದ.

“ಸಾಕ್ಷಿ, ಫೋಟೋ ಹೊಡೀಲೇನು? ನೀ ಹೇಳು.”

ಹೂಂ ಅಂದರೆ ಈಗಿನ ಮಟ್ಟಿಗೆ ಮುಗಿಯುತ್ತಿತ್ತು. ಆದರೆ ಸಂಜೆ ಸಿಂದಗಿಯಲ್ಲಿ ಸುಲ್ತಾನಾ ಫೋಟೋ ನೋಡುತ್ತಾಳೆ. ಅಮ್ಮನಿಗೆ ಫೋನ್ ಮಾಡುತ್ತಾಳೆ. ಓದಿ ಹೇಳುತ್ತಾಳೆ.

“ಬ್ಯಾಡ ಕಾಕಾ” ಎಂದಳು ಸಾಕ್ಷಿ. ಆಯಿಯ ಕಡೆ ತಿರುಗಿದಳು. “ಆಯಿ, ನಾ ಸುಳ್ಳ ಓದಿದ್ನಿರಿ. ಅದು ಚಲೋ ಸಾರು ಅಲ್ಲ. ನೀ... ನೀರಸಾರು ಅಂತ ಐತಿ. ನಾನ ಬರದಿದ್ದು. ಅಳಸಾಕ ಹೋಗಿ ಹಿಂಗಾತು.”

ಆಯಿ ತಿರುಗಿ ಗೋಡೆಯನ್ನು ನೋಡಿದಳು. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.

“ಇದು ‘ನೀ’ ಏನು?”

“ಹೌದ್ರಿ.”

“ಹೂಂ.”

ಆಯಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಅವತ್ತ ಬ್ಯಾಳಿ ಬಂದಿದ್ದಿಲ್ಲವ್ವಾ. ಇದ್ದದ್ದು ಎಲ್ಲಾರ ತಾಟಿಗೂ ಬರ್ಲಿ ಅಂತ ನೀರ ಹಾಕಿದ್ದೆ” ಎಂದಳು. “ಅನ್ನ ಹೊತ್ತೀತು” ಎನ್ನುತ್ತ ಒಳಗೆ ಹೋದಳು.

ಕಾಕಾ ಮೊದಲು ಮಷಿನ್ನಿನ ವಿಷಯಕ್ಕೇ ಬೈದ. “ಆ ನೀರ ಕಾಲಮ್ಯಾಲ ಬಿದ್ದಿದ್ರ ಚರ್ಮ ಹರದ ಹೋಗತಿತ್ತು! ಹೇಳಿ ಹೋಗಿದ್ನಿಲ್ಲೊ?” ಸಾಕ್ಷಿ ಬರಹದ ಕಡೆ ಕೈ ತೋರಿಸಿದಳು.

“ಕಾಕಾ, ಅದೊಂದ ಅಳಸಿಬಿಡು. ಲಗೂನ.”

“ಅದೊಂದ ಹೆಂಗ ಅಳಸ್ಲಿ? ಅಕ್ಷರ ಸ್ವಚ್ಛ ಅದಾವ. ಸುತ್ತಮುತ್ತಿಂದು ಹೊಲಸೈತಿ. ಈಗ ಪೂರಾ ಗ್ವಾಡಿ ತೊಳೀಬೇಕು.”

ಅವನು ದೊಡ್ಡ ಮೂತಿ ಸಿಕ್ಕಿಸಿದ. ಪೈಪು ಮಡಚಿಕೊಳ್ಳದಂತೆ ಸಾಕ್ಷಿ ಹಿಂದೆ ನಿಂತು ಹಿಡಿದಳು. ತಾಟಿನಂಥ ಮೂತಿ ಗರಗರ ತಿರುಗುತ್ತ ಗೋಡೆಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. ಕರಿ ನೀರು ಸಾಕ್ಷಿಯ ಪಾದದ ಮೇಲೆ ಹರಿಯಿತು. ಸುತ್ತಲಿನ ಗೋಡೆ ಹಳದಿಯಾಗುತ್ತ ಬಂದಂತೆ ‘ನೀ’ ಹೋಯಿತು, ‘ಸಾ’ ಹೋಯಿತು, ಮೂರು ‘ರ’ ಒಂದಾದ ಮೇಲೊಂದು ಹೋದವು. ಕೊನೆಗೆ ‘ಬಿ’ಯೂ ಕಾಣದಾಯಿತು. ಆ ಗೋಡೆಯ ಫೋಟೋವನ್ನು ಕಾಕಾ ಸ್ಟೇಟಸ್‌ಗೆ ಹಾಕಲಿಲ್ಲ.

ಅಂದು ಸಾಕ್ಷಿ ಹೊಟ್ಟೆನೋವು ಎಂದು ಹೇಳಿ ಊಟಕ್ಕೆ ಕೂರಲಿಲ್ಲ.

ಮರುದಿನ ಹೈವೇಯಿಂದ ನೋಡಿದವರೆಲ್ಲ ಇದು ಹೊಸ ಶಾಲೆಯೇ ಎಂದು ಕೇಳುವಂತಾಗಿತ್ತು. ಮಧ್ಯಾಹ್ನ ಮಕ್ಕಳು ಸಾಲಾಗಿ ಊಟಕ್ಕೆ ಕೂತರು. ಭೀಮಶ್ಯಾ ಸಾಕ್ಷಿಯ ಕಿವಿಯಲ್ಲಿ, “ನೀರಸಾ...” ಎಂದು ಶುರು ಮಾಡಿದ.

“ಬಾಯಿ ಮುಚ್ಚು” ಎಂದಳು ಸಾಕ್ಷಿ. ಅವನು ಬೆಪ್ಪಾಗಿ ತನ್ನ ತಾಟಿನ ಕಡೆ ತಿರುಗಿದ.

ರಾಜಬಿ ಆಯಿ ಸಾರಿನ ಬಕೆಟ್ ಹಿಡಿದು ಸಾಲಿಗೆ ಬಂದಳು. ಪ್ರತಿ ಸಲವೂ ಸೌಟನ್ನು ತಳದವರೆಗೆ ಬಿಟ್ಟು, ಕಲಕಿ, ಬೇಳೆ ಎತ್ತಿ ಬಡಿಸುತ್ತಿದ್ದಳು. ಯಾವಾಗಿನಿಂದ ಹೀಗೆ ಮಾಡುತ್ತಿದ್ದಳೋ, ಸಾಕ್ಷಿ ನೋಡಿದ್ದು ಇವತ್ತೇ. “ಹೊಟ್ಟಿ ತುಂಬ ಉಣ್ಣಪಾ” ಎಂದು ಭೀಮಶ್ಯಾನಿಗೆ ಹೇಳಿದಳು. ಅವನ ಪಕ್ಕದವರಿಗೂ ಹೇಳಿದಳು.

ವೃಂದಾ ಮೇಡಂ ಹಾಜರಿ ಪುಸ್ತಕ ತೆರೆದುಕೊಂಡು ಬಾಗಿಲಿಗೆ ಬಂದರು.

“ಏನ್ರಿ ರಾಜಬಿ, ಚಂದಾಗಿ ಸಹಿ ಮಾಡ್ತಿದ್ರಿ. ಇವತ್ಯಾಕ ಹೆಬ್ಬೆಟ್ಟು ಒತ್ತೀರಿ?”

“ಮರತ ಹೋತ್ರಿ ಮೇಡಂ” ಎಂದಳು ಆಯಿ.

ಸೌಟು ಸಾಕ್ಷಿಯ ತಾಟಿನ ಮೇಲೆ ಬಂತು. ಎಲ್ಲರಿಗೂ ಹಾಕಿದಷ್ಟೇ ಸಾರು, ಅಷ್ಟೇ ಬೇಳೆ. ಮಾತು ಮಾತ್ರ ಬರಲಿಲ್ಲ. ಸೌಟು ಹಿಡಿದ ಹೆಬ್ಬೆರಳ ತುದಿ ನೀಲಿಯಾಗಿತ್ತು. ಆಯಿ ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು ಮುಂದಿನ ತಾಟಿಗೆ ಹೋದಳು.

ಸಾಕ್ಷಿ ಅನ್ನಕ್ಕೆ ಕೈ ಹಾಕದೆ ಕೂತಳು. ಆ ಶಾಯಿ ನಾಲ್ಕು ದಿನ ತಿಕ್ಕಿದರೂ ಹೋಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.