ಎರಡು ಜಿಬಿ ಕೋಪ

"ಕೀರ್ತಿರಾಜ್, ಎರಡು ಜಿಬಿ ನುಂಗಿ ಕೂತಿದ್ದೀರಲ್ಲ, ಸಿನಿಮಾ ತುಂಬಿಸ್ಕೊಂಡಿದ್ದೀರಾ?"

ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೋಪ ಬಂದರೆ ಗೌತಮಿ ಹಿಂದುಮುಂದು ನೋಡುವವಳಲ್ಲ ಬಿಡಿ.

ಅದು 2003. ಹಾಸನದ ಇಂಜಿನಿಯರಿಂಗ್ ಕಾಲೇಜೊಂದರ ಲಿನಕ್ಸ್ ಸರ್ವರಿನ ಉಸ್ತುವಾರಿ ಅವಳದೇ. ಮಧ್ಯಾಹ್ನ ಎರಡಕ್ಕೆ ಅವಳ ಕೊನೆಯ ವರ್ಷದ ಪ್ರಾಜೆಕ್ಟ್ ಪರೀಕ್ಷೆ. ಬರೆದ ಕೋಡನ್ನೆಲ್ಲ ಸೇರಿಸಿ ಪ್ರೋಗ್ರಾಮ್ ಬಿಲ್ಡ್ ಮಾಡಲು ಹೋದರೆ, ಡಿಸ್ಕಿನಲ್ಲಿ ಜಾಗವಿಲ್ಲವೆಂದು ನಿಂತುಬಿಟ್ಟಿತ್ತು. ಜಾಗ ತಿಂದವರು ಯಾರೆಂದು ಹುಡುಕಿದರೆ ಸಿಕ್ಕಿದ್ದು ಅವಳ ಪ್ರಾಜೆಕ್ಟಿನ ಜೊತೆಗಾರ, ಮಲ್ಲಿಪಟ್ಟಣದ ಕೀರ್ತಿರಾಜ್.

ಅವನ ಮುಖ ಕೆಂಪಾಯಿತು. ಏನೋ ಹೇಳಲು ಹೊರಟವನು ಸುತ್ತಲಿದ್ದವರನ್ನು ನೋಡಿ ಕೀಬೋರ್ಡಿನತ್ತ ತಿರುಗಿದ. ಫ್ಲಾಪಿಗೆ ಏನನ್ನೋ ಹಾಕಿಕೊಂಡು, ಉಳಿದದ್ದೆಲ್ಲ ಅಳಿಸಿ ಹೊರಗೆ ಹೋದ.

ಜಾಗವೇನೋ ಸಿಕ್ಕಿತು. ಬಿಲ್ಡ್ ಮಾತ್ರ ಮತ್ತೆ ಮತ್ತೆ ಕೈಕೊಟ್ಟಿತು. ಹಿಂದಿನ ಸಂಜೆ ಹೊಳೆನರಸೀಪುರದ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಅವಳೇ ಬಿಲ್ಡ್ ಸೆಟ್ಟಿಂಗುಗಳನ್ನು ತಿದ್ದಿದ್ದಳು. ಹಳೆಯದು ಏನಿತ್ತೋ ನೆನಪೇ ಇಲ್ಲ... ಇಷ್ಟು ವರ್ಷದ ಓದು ನೀರಲ್ಲಿ ಹೋಮವಾಯಿತಲ್ಲ ದೇವರೇ!

ಉಳಿದವರೆಲ್ಲ ಊಟಕ್ಕೆ ಹೋದ ಮೇಲೆ ಅವಳು ಮೇಜಿಗೆ ತಲೆಯಿಟ್ಟು ಅಳುತ್ತಿದ್ದಾಗ ಯಾರೋ ಪಕ್ಕದಲ್ಲಿ ಫ್ಲಾಪಿ ಇಟ್ಟರು.

"ನಿಮ್ದೇ ಹಳೇ ಸೆಟ್ಟಿಂಗ್ ಕಣ್ರೀ. ಕೋಡ್ ಎಂಗೂ ಅದೆ. ಇದಾಕಿದ್ರೆ ಬಿಲ್ಡ್ ಆಯ್ತದೆ," ಎಂದ ಕೀರ್ತಿರಾಜ್.

ದಿನಾ ಅವಳು ಬಸ್ಸಿಗೆ ಓಡಿದ ಮೇಲೆ, ಸರಿಯಾಗಿ ನಡೆಯುತ್ತಿದ್ದ ಅವಳ ಕೆಲಸವನ್ನು ಇಡಿಯಾಗಿ ಕಾಪಿ ಮಾಡಿಡುತ್ತಿದ್ದನಂತೆ. ಆ ಎರಡು ಜಿಬಿ ಅದೇ. ಅಯ್ಯೋ, ನನ್ನದನ್ನೇ ನಾನು ಬೈದು ಅಳಿಸಿಸಿದೆನಲ್ಲ... ಗೌತಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಆಗಲೇ ಹೇಳಬಾರದಿತ್ತಾ?"

"ಫೋಲ್ಡರಿಗೆ ನಿಮ್ಮೆಸ್ರೇ ಇಟ್ಟಿದ್ದೆ. ಎಲ್ಲಾರ ಮುಂದೆ ಎಂಗೆ ಏಳ್ಲಿ? ನಿಮ್ಮನ್ನೇ ಆಡ್ಕೋತಿದ್ರು."

"ಕಾಪಿ ಯಾಕೆ ಇಡ್ತಿದ್ರಿ?"

ಅವನು ತಲೆ ತಗ್ಗಿಸಿದ. "ಕೆಟ್ಟೋದಾಗೆಲ್ಲ ನೀವು ಅಳ್ತೀರಿ... ನನ್ಗೆ ನೋಡಕ್ಕಾಗಲ್ಲ."

ಅವಳಿಗೆ ಮತ್ತೆ ಅಳು ಬಂತು. ಈ ಸಲದ ಅಳು ಬೇರೆ.

ಬಿಲ್ಡ್ ಮುಗಿಯಲು ಗಂಟೆಗೂ ಹೆಚ್ಚು ಬೇಕಿತ್ತು. ಲ್ಯಾಬಿನಲ್ಲಿ ತಿನ್ನಬಾರದೆಂದು ಬೋರ್ಡು ಹಾಕಿಸಿದ್ದವಳೇ ಡಬ್ಬಿ ಬಿಚ್ಚಿ ಅವನಿಗೂ ಚಿತ್ರಾನ್ನ ಕೊಟ್ಟಳು. ಪರದೆಯ ಮೇಲೆ ಓಡುವ ಸಾಲುಗಳನ್ನು ನೋಡುತ್ತ ಇಬ್ಬರೂ ಕುಳಿತರು.

ಎರಡಕ್ಕೆ ಮೊದಲೇ ಪ್ರೋಗ್ರಾಮ್ ಓಡಿತು. ಅಷ್ಟರಲ್ಲಿ ಬೆಳಿಗ್ಗೆ ಲ್ಯಾಬಿನಲ್ಲಿದ್ದವರೆಲ್ಲ ಊಟ ಮುಗಿಸಿ ಮರಳಿ ಬಂದಿದ್ದರು. ಗೌತಮಿ ಎದ್ದು ನಿಂತು, ತಪ್ಪು ತನ್ನದೇ, ಕೀರ್ತಿರಾಜ್ ಉಳಿಸದಿದ್ದರೆ ಇವತ್ತು ತಾನು ಪರೀಕ್ಷೆಗೆ ನಿಲ್ಲುತ್ತಲೇ ಇರಲಿಲ್ಲ ಎಂದು ಎಲ್ಲರೆದುರೇ ಹೇಳಿದಳು. ಬೇಡವೆಂದು ಅವನು ಕಣ್ಸನ್ನೆ ಮಾಡಿದರೂ ಬಿಡಲಿಲ್ಲ.

ಆಮೇಲೆ ಅವನತ್ತ ತಿರುಗಿದಳು. "ಇನ್ಮೇಲೆ ಕಾಪಿ ನಾನೇ ಇಡ್ತೀನಿ. ಎಲ್ಲರಿಗೂ ಕಾಣೋ ಜಾಗದಲ್ಲಿ."

"ಯಾರೆಸ್ರಲ್ಲಿ?"

"ನಿನ್ನ ಹೆಸರಲ್ಲಿ ಕಣೋ."

"ಜನ ಆಡ್ಕೋತಾರೆ ಕಣ್ರೀ..."

"ಆಡ್ಕೊಳ್ಳಲಿ ಬಿಡು."