ವಾಡಿ ಜಂಕ್ಷನ್ನಿನ ಲೆಕ್ಕ

ಚಿತ್ತಾಪುರದ ಗ್ರಂಥಾಲಯದ ಹಿಂದೆ ಒಬ್ಬ ಯುವಕ ಬೇವಿನ ಮರದ ಎದುರು ನಿಂತು, ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದ. ನೀರು ಕುಡಿಯಲು ಹೊರಗೆ ಬಂದಿದ್ದ ಲುಂಬಿನಿ, ಪಾಪ, ತಲೆ ಕೆಟ್ಟಿರಬೇಕು ಎಂದುಕೊಂಡಳು.

ಅವನು ತಿರುಗಿ ನೋಡಿ ನಾಚಿದ. “ಇಂಟರ್‌ವ್ಯೂಗೆ ಪ್ರ್ಯಾಕ್ಟೀಸ್ ಮಾಡ್ಲಿಕತ್ತೀನ್ರಿ.”

“ಮರ ಏನಂತು? ನೌಕರಿ ಕೊಡ್ತದಂತ?”

“ಇನ್ನೂ ಒಂದು ರೌಂಡ್ ಬಾಕಿ ಅದರಿ,” ಎಂದ. ತುಟಿ ನಗಲಿಲ್ಲ, ಕಣ್ಣುಗಳು ನಕ್ಕವು.

ಅವನು ಮಳಖೇಡದ ವಿಠ್ಠಲ್, ಅಲ್ಲಿಯ ಮಠದಲ್ಲಿ ಅಡುಗೆ ಮಾಡುವವರ ಮಗ. ಆಕೆ ಶಹಾಬಾದಿನವಳು, ಅಪ್ಪ ಜಗದೇವಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವವನು. ಇಬ್ಬರೂ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕುಳಿತು ವರ್ಷವಾಗಿತ್ತು. ಇಬ್ಬರೂ ಹೈದರಾಬಾದಿನ ಒಂದೇ ದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕಿದ್ದರು.

ಮರದ ಜಾಗಕ್ಕೆ ಲುಂಬಿನಿ ಬಂದಳು. ನಾಲ್ಕು ತಿಂಗಳು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಂಡರು. ಆಕೆ ತಪ್ಪಿದರೆ ಅವನು ಬಯ್ಯುತ್ತಿರಲಿಲ್ಲ. ಪೆನ್ನನ್ನು ಮೆಲ್ಲಗೆ ಆಕೆಯ ಕಡೆ ಉರುಳಿಸುತ್ತಿದ್ದ. ಅದನ್ನು ತೆಗೆದುಕೊಳ್ಳುವಾಗ ಬೆರಳು ತಾಕಿದರೆ ಇಬ್ಬರಿಗೂ ಪುಸ್ತಕದ ಮೇಲೆ ಭಾರಿ ಗಮನ.

ಒಂದು ದಿನ ಅವನೊಂದು ಲೆಕ್ಕ ತಂದ. ರೈಲುಗಳು ಬಂದು ಹೋಗುವ ವೇಳೆ ಕೊಟ್ಟರೆ ಸ್ಟೇಷನ್ನಿಗೆ ಎಷ್ಟು ಪ್ಲಾಟ್‌ಫಾರ್ಮ್ ಬೇಕು? ವಾಡಿ ಜಂಕ್ಷನ್ನಿನ ಗಾಡಿಗಳನ್ನೇ ಬರೆದು ಬಿಡಿಸಿ ತೋರಿಸಿದ.

“ಒಳಗಿನ ಗಾಡಿ ಹೋಗೂ ತನ ಇನ್ನೊಂದು ಹೊರಗ ನಿಲ್ಲಬೇಕು.”

“ಎಷ್ಟೊತ್ತು ನಿಲ್ಲಬೇಕು?” ಆಕೆ ಅವನ ಮುಖದಿಂದ ಕಣ್ಣು ತೆಗೆಯದೆ ಕೇಳಿದಳು.

ಅವನ ಕಿವಿ ಕೆಂಪಾಯಿತು. “ಇಂಟರ್‌ವ್ಯೂ ಮುಗಿಯೂ ತನ.”

ಕೊನೆಯ ಸುತ್ತಿಗೆ ಇಬ್ಬರನ್ನೂ ಒಂದೇ ದಿನ ಹೈದರಾಬಾದಿಗೆ ಕರೆದರು. ಮೊದಲು ವಿಠ್ಠಲ್ ಒಳಗೆ ಹೋಗಿಬಂದ. ಆಮೇಲೆ ಅದೇ ಕೋಣೆಗೆ ಲುಂಬಿನಿ ಹೋದಳು. ಬೋರ್ಡಿನ ಮೇಲಿದ್ದುದು ಅದೇ ರೈಲುಗಳ ಲೆಕ್ಕ.

“ಸರ್, ಇದು ನನಗೆ ಮೊದಲೇ ಗೊತ್ತು. ನನ್ನ ಗೆಳೆಯ ವಿಠ್ಠಲ್ ಕಲಿಸಿದ್ದಾನೆ. ಅವನೂ ಇಲ್ಲಿಗೆ ಬಂದಿದ್ದಾನೆ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಂಥ ದೊಡ್ಡ ಕಟ್ಟಡದಲ್ಲಿ ಅವನ ಹೆಸರು ಹೇಳುವುದೇ ಆಕೆಗೊಂದು ಹೆಮ್ಮೆಯಾಗಿತ್ತು. ಎದುರಿನವರು ಆ ಹೆಸರನ್ನು ಬರೆದುಕೊಂಡು, ಬೇರೆ ಪ್ರಶ್ನೆ ಕೊಟ್ಟರು. ಹೆಣಗಾಡಿ ಬಿಡಿಸಿದಳು.

ಮಧ್ಯಾಹ್ನದ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಅವನದಿರಲಿಲ್ಲ.

ವಾಪಸು ಬರುವ ರೈಲು ತಾಂಡೂರು ದಾಟಿತು. ಕಡೆಗೆ ಆಕೆಯೇ ಕೇಳಿದಳು. “ಏನಾಯ್ತು ಹೇಳು.”

“ನಂಗೂ ಅದೇ ಲೆಕ್ಕ ಕೊಟ್ಟಿದ್ರು. ಮೊದಲ ನೋಡೀರೇನು ಅಂದ್ರು. ಇಲ್ಲ ಅಂದೆ.” ಅವನು ಕಿಟಕಿಯ ಕಡೆ ತಿರುಗಿದ. “ಆಮ್ಯಾಲ ಮತ್ತ ಕರದು, ಲುಂಬಿನಿಗ ಇದನ್ನ ಕಲಿಸಿದ ವಿಠ್ಠಲ್ ನೀವೇ ಏನು ಅಂತ ಕೇಳಿದ್ರು.”

ಆಕೆ ಅವನ ತೋಳು ಹಿಡಿದಳು.

“ನಿನ್ನ ಹೆಸರು ಹೇಳಬೇಕನಿಸ್ತು, ವಿಠ್ಠಲ್. ನೀ ನಂಗ ಭಾಳ ಬೇಕಾದಂವ. ಅದಕ್ಕ ಹೇಳಿದೆ.”

“ಗೊತ್ತದ. ನೀ ಖರೇ ಹೇಳಿದಿ. ಸುಳ್ಳು ನಂದು.”

“ನಾ ಆ ನೌಕರಿಗೆ ಹೋಗಂಗಿಲ್ಲ.”

“ಹೋಗು. ಇಲ್ಲಂದ್ರ ಆ ಪಾಪನೂ ನನ್ನ ಮ್ಯಾಲೇ ಬರ್ತದ.” ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: “ನಂಗೂ ನೀ ಅಂದ್ರ ಜೀವ, ಲುಂಬಿನಿ. ಆದ್ರ ಇನ್ನ ಮ್ಯಾಲ ನಿನ್ನ ಮುಖ ನೋಡಿದಾಗೆಲ್ಲ ನಂಗ ಆ ಕೋಣಿ ಕಾಣ್ತದ. ಅದನ್ನ ಇಟ್ಗೊಂಡು ನಿನ್ನ ಜೋಡಿ ಬಾಳ್ಲಿಕ್ಕಾಗಂಗಿಲ್ಲ.”

ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದವನು ಕಿಟಕಿಗೆ ಬಂದು, ಸರಳಿನ ಮೇಲಿದ್ದ ಆಕೆಯ ಬೆರಳುಗಳನ್ನು ಹಿಡಿದ. ಗಾಡಿ ಹೊರಟಿತು. ನಾಲ್ಕು ಹೆಜ್ಜೆ ಜೊತೆಗೆ ನಡೆದ. ಐದನೆಯದಕ್ಕೆ ಕೈ ಬಿಟ್ಟ.

ಚಿತ್ತಾಪುರ ಬರುವ ಮೊದಲೇ ಅಪ್ಪನ ಫೋನ್ ಬಂತು. “ಏನಾಯ್ತವ್ವ?”

“ಆಯ್ತಪ್ಪ. ನೌಕರಿ ಆಯ್ತು.”

ಜಗದೇವಪ್ಪ ಪಾಲಿಶ್ ಮಷೀನು ನಿಲ್ಲಿಸಿ, ಜೊತೆಯವರಿಗೆಲ್ಲ ಕೂಗಿ ಹೇಳುವುದು ಕೇಳಿಸಿತು. ಮತ್ತೆ ಫೋನಿಗೆ ಬಂದು ತಡೆದು ಕೇಳಿದ: “ಅಳ್ಲಿಕತ್ತಿ ಏನವ್ವ?”

“ಖುಷಿಗಪ್ಪ,” ಎಂದಳು ಲುಂಬಿನಿ.